ಮನೆಯಾಕೆಯ ಒಪ್ಪಿಗೆ

ಚಳಿಗಾಲಕ್ಕೆಂದು ಹುಳಿಯಿಡಲು, ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿ ಪೀಪಾಯಿಯೊಳಗೆ ಅದುಮುತ್ತಿದ್ದ ಮೆಲಾನ್ಯಳ ಕೈ, ಬೀದಿಯಲ್ಲಿ ಮೋಟಾರಿನ ಸದ್ದು ಕೇಳಿದೊಡನೆ ನಿಂತುಹೋಯಿತು. ಸದ್ದು ಹತ್ತಿರ ಬಂತು... ಬೇಲಿಯ ಬಳಿ ನಿಧಾನವಾಯಿತು... ಮತ್ತೆ ಮುಂದೆ ಸಾಗಿತು.

"ಹಾಲಿನ ಲಾರಿ ಕಣೇ," ಎಂದಳು ಅತ್ತೆ ತೆಕ್ಲಾ, ಕೊಯ್ಯುತ್ತಿದ್ದ ಕೋಸಿನಿಂದ ಕಣ್ಣೆತ್ತದೆ. "ಇದಕ್ಕೇ ಹಿಂಗೆ ಬಿಳಿಚ್ಕೊಂಡ್ರೆ, ಪಾಲಕನ ಹೆಂಡ್ತಿ ಆದ್ಮೇಲೆ ಏನ್ ಮಾಡ್ತೀಯ? ಈ ಪೀಪಾಯೀಲಿ ಕೂತು ಮುಚ್ಚಳ ಹಾಕ್ಕೋತೀಯ?"

"ನಾನಿನ್ನೂ ಏನೂ ಬರ್ದಿಲ್ಲ ಅತ್ತೆ."

"ಬರೀ. ಬೇಡ ಅಂತ ಬರೀ. ನೀನು ಬೇಡ ಅಂದ್ರೆ ಅವನಿಗೂ ಅವಮಾನ ಇಲ್ಲ, ನಂಗೂ ಮಗ ಉಳೀತಾನೆ."

ಸರ್ಕಾರದ ಕಣ್ಣು ತಪ್ಪಿಸಿ ಪ್ರಾರ್ಥನೆಗೆ ಸೇರುತ್ತಿದ್ದ ಅವರ ಕ್ರೈಸ್ತ ಸಭೆಯ ಪದ್ಧತಿಯೇ ಹಾಗಿತ್ತು. ಯಾರನ್ನಾದರೂ ಸಭಾಪಾಲಕನನ್ನಾಗಿ ಮಾಡಿ ತಲೆಯ ಮೇಲೆ ಕೈಯಿಡುವ ಮೊದಲು, ಅವನ ಹೆಂಡತಿ ತನ್ನ ಕೈಯಾರೆ ಹಿರಿಯರಿಗೆ ಒಪ್ಪಿಗೆ ಬರೆದು ಕಳಿಸಬೇಕು. ಪಾಲಕನನ್ನು ಹಿಡಿದುಕೊಂಡು ಹೋಗುವವರು ಮೊದಲು ತಟ್ಟುವುದು ಅವಳ ಬಾಗಿಲನ್ನೇ ಅಲ್ಲವೇ! ಜಾಬೊಲೊತ್ಯೆ ಊರಿನ ಸಭೆಯ ಹಿರಿಯ ತ್ರೋಫಿಮ್ ವಸಂತಕಾಲದಿಂದಲೂ ಮೆಲಾನ್ಯಳ ಪತ್ರಕ್ಕಾಗಿ ಕಾಯುತ್ತಿದ್ದ. ಅವಳ ಗಂಡ ಯುಖಿಮ್ ಊರೂರಿಗೆ ಹೋಗಿ ಮನೆ ಬೆಚ್ಚಗಿಡುವ ಇಟ್ಟಿಗೆಯ ಒಲೆ ಕಟ್ಟುವವನು. ದೇವರನ್ನು ನಂಬುವವರ ಮಗನೆಂದು ಯಾವ ಕಾಲೇಜೂ ಅವನಿಗೆ ಬಾಗಿಲು ತೆರೆದಿರಲಿಲ್ಲ. ಹರಿದ ವ್ಯಾಕರಣ ಪುಸ್ತಕವೊಂದನ್ನು ಇಟ್ಟುಕೊಂಡು, ಬೈಬಲ್ಲನ್ನು ಮೂಲದಲ್ಲೇ ಓದಲು ಗ್ರೀಕ್ ಕಲಿತಿದ್ದ. ಅವನು ಸತ್ಯವೇದ ತೆರೆದು ಮಾತಾಡಲು ನಿಂತರೆ ಕೆಮ್ಮುವ ಮುದುಕರೂ ಕೆಮ್ಮು ನುಂಗಿ ಕೇಳುತ್ತಿದ್ದರು.

ಅವನ ತಂದೆಯೂ ಪಾಲಕನೇ. ಒಂದು ಚಳಿಗಾಲ ಉತ್ತರದ ಕೈದಿಗಳ ಶಿಬಿರಕ್ಕೆ ಒಯ್ದರು. ತಿರುಗಿ ಬಂದದ್ದು ಅವನ ಕೋಟು ಮಾತ್ರ... ಆ ಕೋಟನ್ನು ತೆಕ್ಲಾ ಇಂದಿಗೂ ಬಾಗಿಲ ಹಿಂದಿನ ಮೊಳೆಯಿಂದ ತೆಗೆದಿರಲಿಲ್ಲ. ಒಳಗೆ ಹೊರಗೆ ಓಡಾಡುವಾಗಲೆಲ್ಲ ಮೆಲಾನ್ಯಳ ಭುಜಕ್ಕೆ ಅದರ ತೋಳು ತಗಲುತ್ತಿತ್ತು. ಯುಖಿಮ್ ಒಂದು ದಿನವೂ "ಬರೆದೆಯಾ?" ಎಂದು ಕೇಳಿದವನಲ್ಲ. ಕೇಳಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು.

ಕೋಸು ಹುಳಿಯಾಗುವ ಮೊದಲೇ, ಒಂದು ಮಧ್ಯಾಹ್ನ, ಇಂಥ ಸಭೆಗಳ ಮೇಲೆ ಕಣ್ಣಿಡುವ ಪಟ್ಟಣದ ಕಚೇರಿಯ ಅಧಿಕಾರಿ ಮನೆಗೆ ಬಂದ. ಹೊಸ್ತಿಲಲ್ಲಿ ಬೂಟು ಚೆನ್ನಾಗಿ ಒರೆಸಿಕೊಂಡ. ಮೆಲಾನ್ಯಳ ಪುಟ್ಟ ಮಗಳು ಒಲೆಸ್ಯಳ ಕೆನ್ನೆ ತಟ್ಟಿದ.

"ಸುಗ್ಗಿಯ ಪ್ರಾರ್ಥನೆ ದಿನ ತ್ರೋಫಿಮ್ ಮನೇಲಿ ಏನೋ ನಡಿಯುತ್ತಂತೆ? ನೀವಿನ್ನೂ ಒಪ್ಪಿಲ್ಲ ಅಂತ ಕೇಳ್ದೆ. ಜಾಣೆ ನೀವು. ಹಾಗೇ ಇರಿ. ಇಂಥ ಮುದ್ದಾದ ಮಗೂನ ಸರ್ಕಾರದ ಮನೇಲಿ ಯಾರ್ಯಾರೋ ಬೆಳೆಸೋ ಹಾಗಾಗ್ಬಾರ್ದು, ಅಲ್ವಾ ತಾಯಿ?"

ಅವನು ನಗುತ್ತಲೇ ಹೋದ. ಮೆಲಾನ್ಯ ಮಗುವನ್ನು ಎತ್ತಿಕೊಂಡು ಬಾಗಿಲ ಅಗುಳಿ ಹಾಕಿದಳು. ಆ ದಿನ, ಆ ಮನೆ, ತಾನಿನ್ನೂ ಒಪ್ಪದಿರುವುದು... ಇಷ್ಟೂ ತ್ರೋಫಿಮ್‌ನನ್ನು ಬಿಟ್ಟರೆ ಈ ಸೂರಿನ ಕೆಳಗಿನವರಿಗೆ ಮಾತ್ರ ಗೊತ್ತಿತ್ತು. ಅವಳು ಮೆಲ್ಲಗೆ ತಿರುಗಿ ನೋಡಿದಳು. ತೆಕ್ಲಾ ಒಲೆಯ ಗೋಡೆಗೆ ಒರಗಿ ಜಾರುತ್ತಾ ನೆಲಕ್ಕೆ ಕೂತುಬಿಟ್ಟಿದ್ದಳು.

"ನೀವು ಹೇಳಿದ್ರಾ ಅತ್ತೆ?"

"ಕಚೇರಿಗೆ ಹೋಗಿ, ನಿನ್ನ ಒಂದ್ಸಲ ಹೆದರ್ಸಿ ಅಂದೆ ಅಷ್ಟೇ... ನೀನು ಎಲ್ಲಿ ಹೂಂ ಅಂದ್ಬಿಡ್ತೀಯೋ ಅಂತ. ಅವನು ಮೆತ್ತಗೆ ಮಾತಾಡ್ಸ್ದ, ಟೀ ಕೊಡ್ಸ್ದ. ದಿನ ಯಾವುದು, ಎಲ್ಲಿ ಅಂತ ಕೇಳ್ದ... ಬಾಯಿ ಜಾರ್ಬಿಡ್ತು ಕಣೇ. ನನ್ ಮಗನ್ನ ಉಳಿಸ್ಕೊಳ್ಳೋಕೆ ಹೋಗಿ ಎಲ್ಲರನ್ನೂ ಹಿಡಿದು ಕೊಟ್ಟೆ..."

ಸಂಜೆ ಯುಖಿಮ್ ಕೈತುಂಬ ಜೇಡಿಮಣ್ಣು ಮೆತ್ತಿಕೊಂಡು ಬಂದ. ಮೆಲಾನ್ಯ ಅಧಿಕಾರಿಯ ಮಾತುಗಳನ್ನೆಲ್ಲ ಹೇಳಿದಳು.

"ಅವನಿಗೆ ಹೇಗೆ ಗೊತ್ತಾಯ್ತು?"

ಒಲೆಯ ಬಳಿಯಿಂದ ತೆಕ್ಲಾ ಸೊಸೆಯ ಮುಖವನ್ನೇ ನೋಡಿದಳು. ಒಂದು ಮಾತು ಸಾಕಿತ್ತು, ವರ್ಷಗಳ ಚುಚ್ಚುಮಾತಿಗೆಲ್ಲ ಲೆಕ್ಕ ತೀರಿಹೋಗುತ್ತಿತ್ತು...

"ಹೇಗೋ ಗೊತ್ತಾಗಿದೆ," ಎಂದಳು ಮೆಲಾನ್ಯ. "ಗೋಡೆಗೂ ಕಿವಿ ಇರೋ ಕಾಲ."

ಯುಖಿಮ್ ಬಹಳ ಹೊತ್ತು ಕೈ ತೊಳೆಯುತ್ತಲೇ ನಿಂತ. "ದಿನ ಬದಲಾಯ್ಸಿ ಅಂತ ತ್ರೋಫಿಮ್‌ಗೆ ತಿಳಿಸ್ಬೇಕು. ಅಷ್ಟು ಸಾಕು. ಒಪ್ಪಿಗೆ ನೀನು ಬರೀಬೇಡ ಮೆಲಾ. ನಾನು ಒಲೆ ಕಟ್ಕೊಂಡು ಇರ್ತೀನಿ. ಬೆಂಕಿ ಕಾಯೋ ಜನಾನೂ ದೇವ್ರ ಜನಾನೇ." ಅವನು ನಕ್ಕ. ಅವಳು ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟಳು.

ಬೆಳಿಗ್ಗೆ ಅವನು ಕೆಲಸಕ್ಕೆ ಹೋದಮೇಲೆ ಅವಳು ಕಾಗದ ಹಿಡಿದು ಕೂತಳು. ಸುಗ್ಗಿಯ ದಿನ ಸೇರಬೇಡಿ, ನಿಮ್ಮ ಮನೆಯಲ್ಲಂತೂ ಬೇಡವೇ ಬೇಡ ಎಂದು ಬರೆದಳು. ಅಷ್ಟಕ್ಕೇ ಮಡಿಸಿದರೆ ಮಗು ತನ್ನ ಬಳಿಯೇ ಇರುತ್ತದೆ, ಗಂಡನೂ ಇರುತ್ತಾನೆ. ಆದರೆ ಆ ಅಧಿಕಾರಿ "ಜಾಣೆ" ಎಂದದ್ದು ಮೈಮೇಲೆ ಹುಳು ಹರಿದಂತೆ ಹರಿಯುತ್ತಿತ್ತು. ಇಷ್ಟು ದಿನ ಅವಳ ಹೆದರಿಕೆ ಅವಳದಾಗಿತ್ತು, ಈಗ ಅದು ಅವನ ಪರವಾಗಿ ದುಡಿಯುತ್ತಿತ್ತು. ಅದೇ ಕಾಗದದಲ್ಲಿ ಕೆಳಗೆ ಬರೆದಳು: ನನ್ನ ಗಂಡನ ತಲೆಯ ಮೇಲೆ ಕೈಯಿಡಲು ನನ್ನ ಒಪ್ಪಿಗೆ ಇದೆ. ನನಗೆ ತುಂಬಾ ಭಯವಾಗುತ್ತಿದೆ. ನಮಗಾಗಿ ಪ್ರಾರ್ಥಿಸಿ.

ಅಂಚೆಯಲ್ಲಿ ಹಾಕುವಂತಿರಲಿಲ್ಲ, ಅಲ್ಲಿ ಲಕೋಟೆಗಳು ತೆರೆದುಕೊಳ್ಳುತ್ತಿದ್ದವು. ತೆಕ್ಲಾ ಆಗಲೇ ತಲೆಗೆ ಬಟ್ಟೆ ಕಟ್ಟಿ, ಬುಟ್ಟಿಗೆ ಕೋಸು ತುಂಬಿ ನಿಂತಿದ್ದಳು.

"ಇಲ್ಲಿ ಕೊಡು. ಕೋಸು ಮಾರೋ ಮುದುಕೀನ ಯಾರು ತಡವಿ ನೋಡ್ತಾರೆ? ಸಂತೆಗೆ ಹೋಗೋ ಬಸ್ಸು ತ್ರೋಫಿಮ್ ಮನೆ ಮುಂದೇನೇ ಹೋಗೋದು."

ಮೆಲಾನ್ಯ ಒಂದು ಕೋಸಿನ ಎಲೆ ಬಿಡಿಸಿ, ಪತ್ರವನ್ನು ಒಳಗಿಟ್ಟು, ಎಲೆ ಮುಚ್ಚಿ ದಾರದಿಂದ ಬಿಗಿದಳು. ಬೇಲಿಯವರೆಗೆ ಹೋದ ತೆಕ್ಲಾ ತಿರುಗಿ ನಿಂತಳು.

"ಒಪ್ಪಿಗೆ ವಿಷಯ... ಏನ್ ಬರ್ದೆ?"

ಸುಳ್ಳು ಹೇಳಬಹುದಿತ್ತು. "ಒಪ್ಪಿದೀನಿ ಅಂತ ಬರ್ದೆ ಅತ್ತೆ."

ಮುದುಕಿಯ ಕಣ್ಣು ತೆರೆದ ಬಾಗಿಲಿನಾಚೆ ಮೊಳೆಯಲ್ಲಿ ತೂಗುತ್ತಿದ್ದ ಕೋಟಿನ ಮೇಲೆ ನಿಂತಿತು. ದಾರಿಯಲ್ಲಿ ಹೊಳೆ ಇತ್ತು, ಸೇತುವೆ ಇತ್ತು, ಒಂದು ಕೋಸು ನೀರಿಗೆ ಬಿದ್ದರೆ ಕೇಳುವವರು ಯಾರು... ಇಬ್ಬರಿಗೂ ಅದು ಗೊತ್ತಿತ್ತು. ತೆಕ್ಲಾ ಬುಟ್ಟಿಯನ್ನು ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು.

"ಪೀಪಾಯಿ ಮೇಲಿನ ಕಲ್ಲು ಜರುಗಿದೆ, ಸರಿ ಮಾಡು," ಎಂದಳು. "ಆ ಕೋಟನ್ನ ಬಿಸಿಲಿಗೆ ಹಾಕು. ಚಳಿಗಾಲ ಬಂದ್ರೆ ಯುಖಿಮ್‌ಗೆ ಬೇಕಾಗ್ಬೋದು."

ತಿರುವಿನಲ್ಲಿ ಮೋಟಾರಿನ ಸದ್ದಾಯಿತು. ಮೆಲಾನ್ಯ ಬೇಲಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬಸ್ಸು ನಿಂತಿತು. ಮುದುಕಿ ಬುಟ್ಟಿಯನ್ನು ಎದೆಗವಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಹೋದಳು.