ತೊರಗಲ್ಲಿನಿಂದ ತಂದ ವೈಸ್

“ಒಯ್ರಿ ಸರ, ಬ್ಯಾಡ ಅನ್ನಂಗಿಲ್ಲ. ಆದ್ರ ಅದರ ಬಾಯಿ ಮಾತ್ರ ಬಿಚ್ಚಬ್ಯಾಡ್ರಿ.”

ಫಕ್ರುಸಾಬ ಇಷ್ಟು ಹೇಳಿ ಮುಖ ತಿರುಗಿಸಿದ. ಗೌರೀಶ ನಕ್ಕುಬಿಟ್ಟ. ಎಂಥ ಮನುಷ್ಯನೋ! ಎಂಬತ್ತರ ಹತ್ತಿರದ ಮುದುಕ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರೆ ಇವನಿಗೆ ನಗು.

ಗೌರೀಶ ಗದಗಿನಿಂದ ಬೈಲಹೊಂಗಲಕ್ಕೆ ವರ್ಗವಾಗಿ ಬಂದು ಒಂದೂವರೆ ವರ್ಷವಾಗಿತ್ತು. ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರು. ರಜೆ ಬಂತೆಂದರೆ ಗುಜರಿ ಅಂಗಡಿ ಸುತ್ತಿ ಹಳೇ ವೈಸ್‌ಗಳನ್ನು ಹುಡುಕುವುದು ಅವನ ಹುಚ್ಚು. ಬೆಂಚಿಗೆ ಬೋಲ್ಟು ಹಾಕಿ ಕೂರಿಸಿ, ಕಬ್ಬಿಣದ ತುಂಡನ್ನು ಎರಡು ದವಡೆಗಳ ನಡುವೆ ಹಿಡಿದು ನಿಲ್ಲಿಸುವ ವೈಸ್. ಸವದತ್ತಿಯಿಂದ ಒಂದು, ಕಿತ್ತೂರಿನಿಂದ ಎರಡು ತಂದು, ತುಕ್ಕು ತೆಗೆದು, ಬಣ್ಣ ಬಳಿದು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸಾಲಾಗಿ ಕೂರಿಸಿದ್ದ. ಇದು ನಾಲ್ಕನೆಯದು. ತೊರಗಲ್ ಕೋಟೆಯ ಕೆಳಗೆ, ಗಾಡಿ ಮಿಸ್ತ್ರಿ ಫಕ್ರುಸಾಬನ ಯಾವತ್ತೋ ಮುಚ್ಚಿದ ಕಾರ್ಖಾನೆಯಲ್ಲಿ ಅದು ಬಾಯಿ ಬಿಗಿದುಕೊಂಡು ಕೂತಿತ್ತು. ದವಡೆ, ತಿರುಪು, ಹಿಡಿಕೆ ಎಲ್ಲ ಒಂದೇ ತುಕ್ಕಿನ ಮುದ್ದೆ.

“ಬಾಯಿ ಬಿಚ್ಚದ ವೈಸ್ ಒಯ್ದು ಪೂಜಾ ಮಾಡ್ಲೇನ್ ಚಾಚಾ?” ಅಂದ.

ಹೊಸ್ತಿಲ ಮೇಲೆ ಫಕ್ರುಸಾಬನ ಹೆಂಡತಿ ಸೈದಾಬಿ ಕೂತಿದ್ದಳು. ಕಣ್ಣಿನ ಕೊನೆಯಲ್ಲಿ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ. ಮುಖದಲ್ಲಿ ಸುಖವೂ ಇಲ್ಲ, ದುಃಖವೂ ಇಲ್ಲ. ಫಕ್ರುಸಾಬನ ಅಣ್ಣನ ಮಗ ಸಾಜಿದ್ ವೈಸನ್ನು ತನ್ನ ಟೆಂಪೋಕ್ಕೆ ಏರಿಸುವಾಗ ಮಾತ್ರ ಅವಳ ತುಟಿ ಆಡಿತು. “ಲಗೂನ ಒಯ್ರಿ,” ಅಂದಳು.

ಮನೆಯಲ್ಲಿ ರಾಜೇಶ್ವರಿ ಬಾಗಿಲಿಗೇ ಬಂದು, ಇನ್ನೊಬ್ಬ ಸವತಿಯನ್ನು ತಂದಿರೇನು ಅಂತ ಗಂಡನನ್ನು ಕಾಡಿದಳು. ಅವಳು ಆ ಕಬ್ಬಿಣಗಳನ್ನು ಕರೆಯುತ್ತಿದ್ದದ್ದೇ ಹಾಗೆ. ಮಕ್ಕಳಿಲ್ಲದ ಮನೆ; ಇಪ್ಪತ್ತಾರು ವರ್ಷ ಒಬ್ಬರಿಗೊಬ್ಬರು ಕಾಲೆಳೆದುಕೊಂಡೇ ಸಂಸಾರ ಮಾಡಿದ್ದರು. ಅವಳ ಬೆರಳಿಗೆ ಯಾವಾಗಲೂ ಶುಂಠಿಯ ವಾಸನೆ. ಚಹಾಕ್ಕೆ ಅಷ್ಟು ಶುಂಠಿ ಜಜ್ಜಿ ಹಾಕುವವಳು ಆ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಮೂರು ದಿನ ವೈಸ್ ಸೀಮೆಎಣ್ಣೆಯಲ್ಲಿ ನೆನೆಯಿತು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗೌರೀಶ ಹಿಡಿಕೆಗೆ ಪೈಪು ತೂರಿಸಿ ಮೈಭಾರವೆಲ್ಲ ಹಾಕಿದ. ಕರೆಂಟು ಹೋಯಿತು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕತ್ತಲೆ ದಪ್ಪಗೆ ಇಳಿಯಿತು. ತಿರುಪು ಕಿರ್ ಅಂತು. ದವಡೆ ಬಿಟ್ಟಿತು. ಆಗ ಯಾರೋ ಹೆಂಗಸು ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ ಒಂದು ಉದ್ದನೆಯ ನಿಟ್ಟುಸಿರು ಅವನ ಕಿವಿಯ ಪಕ್ಕವೇ ಹಾದುಹೋಯಿತು. ಮೊಬೈಲ್ ಬೆಳಕು ಹಿಡಿದು ನೋಡಿದ. ಚಪ್ಪಟೆಯಾದ ಬಟ್ಟೆಯ ಗಂಟು, ಒಳಗೆ ಒಂದು ಸುರುಳಿ ಕರಿಗೂದಲು. ನಿನ್ನೆ ತಾನೇ ಹಚ್ಚಿದ ಮದರಂಗಿಯ ವಾಸನೆ.

ಮೈ ಜುಮ್ಮೆಂದದ್ದು ನಿಜ. ಆದರೂ ಗಂಟನ್ನು ಕಸದ ಬೆಂಕಿಗೆ ಎಸೆದು, ತಂತಿ ಬ್ರಶ್ಶು ಹಿಡಿದು ಕೂತ. ತಿರುಪಿನ ಒಂದೊಂದು ಎಳೆಯನ್ನೂ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಮಾಡಿದ. ಗ್ರೀಸು ತುಂಬಿದ. ಸಂಜೆಗೆ ಹಿಡಿಕೆ ಒಂದೇ ಬೆರಳಿಗೆ ತಿರುಗುತ್ತಿತ್ತು. ಇಷ್ಟು ಚೆಂದದ ಕೆಲಸ ಅವನು ಹಿಂದೆ ಮಾಡಿರಲಿಲ್ಲ.

ಮರುದಿನ ಸಾಜಿದನ ಫೋನು ಬಂತು. ಅವನ ಕಾಕಿ ಸೈದಾಬಿ ಭಾನುವಾರ ಹನ್ನೊಂದಕ್ಕೆ ತೀರಿಕೊಂಡಳಂತೆ. ಗುರುವಾರ ರಾಜೇಶ್ವರಿ ಒಲೆಯ ಮುಂದೆ ಕುಸಿದು ಬಿದ್ದಳು. ಬೆಳಗಾವಿಯ ಡಾಕ್ಟರು ಎದೆಯ ಚಿತ್ರ ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗುವುದೇ ಒಳ್ಳೆಯದು ಅಂದರು. ಗೌರೀಶನ ನಗುವೆಲ್ಲ ಅಲ್ಲಿಗೆ ಅಡಗಿತು. ನೆರೆಯ ಸೀತವ್ವನನ್ನು ಹೆಂಡತಿಯ ಹತ್ತಿರ ಕೂರಿಸಿ ತೊರಗಲ್ಲಿಗೆ ಓಡಿದ.

ಫಕ್ರುಸಾಬ ಏನನ್ನೂ ಮುಚ್ಚಿಡಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಸೈದಾಬಿ ಜ್ವರದಲ್ಲಿ ಸಾಯುತ್ತಿದ್ದಾಗ ಊರಾಚೆಯಿಂದ ಬಂದ ಮಂತ್ರಗಾರನೊಬ್ಬ ಆ ದವಡೆಗೆ ಮಾಟ ಕಟ್ಟಿಕೊಟ್ಟಿದ್ದ. ಅವಳ ಸೆರಗಿನ ತುಂಡಿನಲ್ಲಿ ಅವಳದೇ ಕೂದಲು ಸುತ್ತಿ ಬಿಗಿದರೆ, ಬಿಗಿ ಇರುವ ತನಕ ಜೀವ ಹೋಗದು. ಬಿಚ್ಚಿದರೆ ಆ ಜೀವ ಹೋಗುತ್ತದೆ. ಜೊತೆಗೆ ಬಿಚ್ಚಿದವನ ಮನೆಯಿಂದ ಇನ್ನೊಂದು. ಜೀವವೇನೋ ಉಳಿಯಿತು. ಆದರೆ ಅವಳು ಮತ್ತೆ ನಗಲಿಲ್ಲ, ಅಳಲಿಲ್ಲ. ದಿನಾ ಬೆಳಗಾದರೆ ಒಂದೇ ಮಾತು, ಬಿಡ್ರಿ.

“ನನ್ನ ಕೈ ಬರಲಿಲ್ಲ ಸರ. ನಗೋ ಮಂದಿ ಬಿಚ್ಚೇ ಬಿಚ್ಚತಾರ ಅಂತ ಗೊತ್ತಿತ್ತು, ಅದಕ್ಕ ನಿಮಗ ಕೊಟ್ಟೆ. ನನ್ನ ಮುಖಕ್ಕ ಉಗುಳ್ರಿ. ಆದ್ರ ನಿಮ್ಮ ಮನಿಯಾಕಿ, ಆ ತಂಗೀನ್ನ ಅದರಾಗ ಇಡಬ್ಯಾಡ್ರಿ.”

ಗೌರೀಶ ಉಗುಳಲಿಲ್ಲ. ಮಾತು ಕೇಳಲೂ ಇಲ್ಲ. ಬೈಲಹೊಂಗಲಕ್ಕೆ ಬಂದವನೇ ಹೆಂಡತಿಯ ಜಡೆಯ ತುದಿ ಕತ್ತರಿಸಿ, ಸೆರಗಿನ ತುಂಡಿನಲ್ಲಿ ಸುತ್ತಿ, ದವಡೆಗಿಟ್ಟು ಬಿಗಿದ. ಅತ್ತುಕೊಂಡೇ ಬಿಗಿದ.

ರಾಜೇಶ್ವರಿ ಎದ್ದು ಕೂತಳು. ಸೀತವ್ವ ದೇವರು ದೊಡ್ಡವನು ಅಂತ ಕೈಮುಗಿದಳು. ಸಂಜೆಗೆ ರಾಜೇಶ್ವರಿ ರೊಟ್ಟಿ ಬಡಿದಳು, ಚಹಾ ಮಾಡಿದಳು. ಚಹಾದಲ್ಲಿ ಶುಂಠಿ ಇರಲಿಲ್ಲ. ಬೆರಳಿನಲ್ಲಿ ವಾಸನೆ ಇರಲಿಲ್ಲ. ಅವನು ಬೇಕೆಂದೇ ಸವತಿಯ ಮಾತು ತೆಗೆದ. ಅವಳು ರೆಪ್ಪೆ ಬಡಿಯದೆ ನೋಡಿದಳು. ಇರಲಿ, ಕಣ್ಣೆದುರಿಗಿದ್ದಾಳಲ್ಲ, ಅಷ್ಟು ಸಾಕು ಅಂದುಕೊಂಡ.

ಆದರೆ ಅವನ ಕೈಚಳಕವೇ ಅವನ ಕುತ್ತಿಗೆಗೆ ಬಂತು. ಸೈದಾಬಿಯನ್ನು ಅಲುಗದಂತೆ ಹಿಡಿದಿದ್ದು ಆ ತುಕ್ಕು. ಅದನ್ನು ಇವನು ಒಂದು ಎಳೆಯೂ ಉಳಿಯದಂತೆ ತೆಗೆದಿದ್ದ. ಗ್ರೀಸು ತಿಂದ ತಿರುಪು ತಾನಾಗಿ ಸಡಿಲತೊಡಗಿತು. ಎರಡನೆಯ ದಿನ ಮಧ್ಯಾಹ್ನ ಕೂಗು ಕೇಳಿ ಓಡಿದರೆ, ರಾಜೇಶ್ವರಿ ನೆಲದ ಮೇಲೆ ಎದೆ ಹಿಡಿದುಕೊಂಡು ಒದ್ದಾಡುತ್ತಿದ್ದಳು. ಕಣ್ಣಲ್ಲಿ ನೀರು. ಮೈಯೆಲ್ಲ ಬೆವರು. ಆದರೆ ಅದು ಅವಳದೇ ಕಣ್ಣು. “ಬಿಡ್ರಿ... ರೀ, ನನ್ನ ಬಿಟ್ಟುಬಿಡ್ರಿ.” ಅವನು ಶೆಡ್ಡಿಗೆ ಓಡಿದ. ಬಿಗಿದ. ಕೂಗು ನಿಂತಿತು. ಕಣ್ಣು ಗಾಜಾಯಿತು.

ಆಮೇಲೆ ಗಂಟೆಗೊಮ್ಮೆ ಹಾಗೆ. ಕೆಲಸಕ್ಕೆ ಹೋಗುವುದು ನಿಂತಿತು. ಹಿಡಿಕೆಗೆ ಹಗ್ಗ ಕಟ್ಟಿದ, ಹಗ್ಗ ಹರಿಯಿತು. ಎಳೆಗಳ ಮೇಲೆ ಉಪ್ಪುನೀರು ಸುರಿದ, ತುಕ್ಕು ಬಾರೋ ಅಂತ ಬೇಡಿಕೊಂಡ. ಜೀವಮಾನವಿಡೀ ತುಕ್ಕಿನ ಜೊತೆ ಜಗಳವಾಡಿದವನು! ಹಿಡಿಕೆಯ ಮೇಲೆ ಕೈಯಿಟ್ಟೇ ಉಂಡ, ಕೈಯಿಟ್ಟೇ ತೂಕಡಿಸಿದ.

ಒಂಬತ್ತನೆಯ ದಿನ ಬೆಳಿಗ್ಗೆ ರಾಜೇಶ್ವರಿ ಎರಡು ಕಪ್ಪು ಚಹಾ ಹಿಡಿದು ತಾನೇ ಶೆಡ್ಡಿಗೆ ಬಂದಳು. ಸ್ಟೂಲಿನ ಮೇಲೆ ಕೂತಳು. ಶುಂಠಿ ಜಜ್ಜಿ ಹಾಕಿದ್ದಳು. ಕೈಗೆ ರೂಢಿಯಿತ್ತೇನೋ, ಅವಳಿಗಂತೂ ವಾಸನೆ ತಿಳಿಯುತ್ತಿರಲಿಲ್ಲ. ಚಹಾದ ಮೇಲಿಂದ ಅವನನ್ನೇ ನೋಡಿದಳು.

“ಸಾಕ್ರಿ ಇನ್ನ,” ಅಂದಳು.

ಗೌರೀಶ ಹಿಡಿಕೆಯನ್ನು ಬಿಚ್ಚುವ ಕಡೆಗೆ ಒತ್ತಿದ. ಹಿಡಿಕೆ ಕಾಲು ಸುತ್ತು ತಿರುಗಿತು. ಅವಳ ಮುಖಕ್ಕೆ ಬಣ್ಣ ಬಂತು. ಜೊತೆಗೆ ನೋವು. ಹಲ್ಲು ಕಚ್ಚಿದಳು. ಅರ್ಧ ಸುತ್ತು. ಅವಳು ನರಳಿದಳು. ಅದರಾಚೆ ಅವನು ಯಾವತ್ತೂ ಹೋಗಿರಲಿಲ್ಲ. ಪ್ರತಿಸಲವೂ ಇಲ್ಲಿಂದಲೇ ಹೆದರಿ ಹಿಂದಕ್ಕೆ ತಿರುಗಿಸಿದ್ದ. ಕಣ್ಣು ಮುಚ್ಚಿದ. ಮುಕ್ಕಾಲು. ನರಳಾಟ ನಿಂತಿತು. ಕಣ್ಣು ತೆರೆದ. ಅವಳು ಉಸಿರೆಳೆದುಕೊಂಡು ಚಹಾ ಮೂಸಿದಳು. ಒಂದು ಗುಟುಕು ಕುಡಿದಳು. ಮುಖ ಕಿವಿಚಿದಳು.

“ಶುಂಠಿ ಹೆಚ್ಚಾತು,” ಅಂದಳು. ಆಮೇಲೆ ನಕ್ಕಳು. ಅದೇ ನಗು! “ಆ ಸವತಿ ಕಡೆ ಏನ್ ನೋಡ್ತೀರಿ? ಇಲ್ನೋಡ್ರಿ.”

ನೋಡಿದ. ಕೈ ತಾನಾಗಿ ತಿರುಗಿತು. ಒಂದು ಸುತ್ತು. ಗಂಟು ಟಪ್ಪೆಂದು ಬೆಂಚಿನ ಮೇಲೆ ಬಿತ್ತು. ಒಂದು ನಿಟ್ಟುಸಿರು ಅವನ ಕೆನ್ನೆ ಸವರಿ ಹೋಯಿತು. ಕಪ್ಪು ಅವಳ ಕೈಯಿಂದ ಜಾರುವ ಮೊದಲೇ ಅವನು ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಎಷ್ಟು ಹಗುರಾಗಿದ್ದಳು! ತಬ್ಬಿಕೊಂಡು ಅತ್ತ, ಓಣಿಗೆಲ್ಲ ಕೇಳುವ ಹಾಗೆ ಅತ್ತ.

ಅವಳನ್ನು ಮಣ್ಣು ಮಾಡಿ ಬಂದ ಮರುದಿನ ವೈಸಿನ ತಿರುಪನ್ನು ಪೂರಾ ಹೊರಗೆಳೆದು, ಚೀಲದಲ್ಲಿ ಸುತ್ತಿ, ಸವದತ್ತಿಯತ್ತ ಹೋಗಿ ಮಲಪ್ರಭೆಯ ನಡುನೀರಿಗೆ ಎಸೆದ. ತಿರುಪಿಲ್ಲದ ದವಡೆ ಇನ್ನು ಯಾರನ್ನೂ ಹಿಡಿಯಲಾರದು. ಬಿಚ್ಚಿದವನ ಮನೆಯಿಂದ ಇನ್ನೊಂದು ಜೀವ ಹೋಗಬೇಕೆಂಬುದು ಅವನಿಗೆ ಮರೆತಿರಲಿಲ್ಲ. ಆ ಮನೆಯಲ್ಲಿ ಈಗ ಉಳಿದದ್ದು ಅವನೊಬ್ಬನೇ.

ಸಂಜೆ ಒಲೆ ಹಚ್ಚಿ ಅವಳ ಹಾಗೆಯೇ ಶುಂಠಿ ಜಜ್ಜಿ ಚಹಾಕ್ಕೆ ಹಾಕಿದ. ಎರಡು ಕಪ್ಪಿಗೆ ಬಗ್ಗಿಸಿದ. ಎದೆಯಲ್ಲಿ ಮೊದಲ ನೋವು ಎದ್ದಾಗ ಫೋನು ಕೈಯಳತೆಯಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ಚಹಾ ಎತ್ತಿ ಒಂದು ಗುಟುಕು ಕುಡಿದ. ಶುಂಠಿ ಹೆಚ್ಚಾಗಿತ್ತು.