ಇಪ್ಪತ್ತೆರಡು ಮಜ್ಜೆಯ ಸೀಸೆಗಳು

ಬೇಸಿಗೆ ಕಾಲಿಟ್ಟಿತ್ತು. ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂವರೆ. ಠಾಣೆಯ ಅಂಗಳದಲ್ಲಿ ಪೇದೆಗಳು ಜಪ್ತಿ ಬೈಕುಗಳಿಗೆ ಚೀಟಿ ಕಟ್ಟುತ್ತಿದ್ದಾಗ ಆಸ್ಪತ್ರೆಯ ಉಗ್ರಾಣಾಧಿಕಾರಿ ದೂರು ತಂದರು. ವಾರದ ಹಿಂದೆ ಯಾರೋ ಕಿಟಕಿಯ ಸರಳು ಬಗ್ಗಿಸಿ ಸಂಶೋಧನಾ ವಿಭಾಗದಿಂದ ಅಸ್ಥಿಮಜ್ಜೆಯ ಇಪ್ಪತ್ತೆರಡು ಸೀಸೆ ಕದ್ದಿದ್ದಾರೆ. ಅವು ಹದಿನೈದರಂದು ನಾಶಪಡಿಸಬೇಕಾದವು.

"ಬಿಸಾಡೋದನ್ನ ಹೊತ್ಕೊಂಡು ಹೋದವನಿಗೆ ಕೂಲಿ ಕೊಡಬೇಕಲ್ವಾ ಸ್ವಾಮಿ?" ಎಂದ ಹೆಡ್ ಕಾನ್‌ಸ್ಟೇಬಲ್.

"ರಿಜಿಸ್ಟರ್‌ಗೆ ಲೆಕ್ಕ ಬೇಕಲ್ರೀ," ಎಂದರು ಉಗ್ರಾಣಾಧಿಕಾರಿ.

ಎಫ್‌ಐಆರ್ ಆಯಿತು. ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್‌ನೊಡನೆ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಸಾಮಾನು ಕಟ್ಟುತ್ತಿದ್ದರು.

"ಮಜ್ಜೆ ರಕ್ತ ಮಾಡೋದನ್ನೇ ಬಿಟ್ಟುಬಿಡೋ ಕಾಯಿಲೆ. ರೋಗಿಗಳು ಬೆರಳೆಣಿಕೆ, ದುಡ್ಡು ಕೊಡೋರಿಗೆ ಕೈಯೇ ಏಳಲ್ಲ. ಅನುದಾನ ನಿಲ್ತು. ಒಂಬತ್ತು ವರ್ಷದ ಕೆಲಸ ನೀರಲ್ಲಿ ಹೋಮ."

"ಕದ್ದವನು ಸೀಸೆ ಕೆಡದ ಹಾಗೆ ಹೇಗೆ ಕಾಪಾಡ್ತಾನೆ?"

"ಸದಾ ದ್ರವ ಸಾರಜನಕದ ಶೀತ ಬೇಕು. ಆಸ್ಪತ್ರೆ ಬಿಟ್ರೆ ಅದು ಯಾರ ಹತ್ರ ಇರುತ್ತೆ?"

"ಹಸುಗೆ ಗರ್ಭ ಕಟ್ಟಿಸೋರ ಹತ್ರ," ಎಂದ, ಕೊಟ್ಟಿಗೆಯಲ್ಲೇ ಬೆಳೆದ ಹೆಡ್ ಕಾನ್‌ಸ್ಟೇಬಲ್. "ಹೋರಿ ಸೆಮೆನ್ ಅದರ ಕ್ಯಾನಲ್ಲೇ ಇಡೋದು ಸಾರ್."

ಹಾಲು ಸಂಘದ ಪುಸ್ತಕದಲ್ಲಿ ಅಂಥವರು ಐವರು. ಒಬ್ಬ ಮಾತ್ರ ಎಂಟು ದಿನದಲ್ಲಿ ಮೂರು ಸಲ ಕ್ಯಾನು ತುಂಬಿಸಿದ್ದ. ಒಂದು ಹಸುವನ್ನೂ ಮುಟ್ಟಿರಲಿಲ್ಲ.

ಹದಿಮೂರರ ಮಧ್ಯಾಹ್ನ ಮೂರಕ್ಕೆ ಅವನ ಮನೆ. ಬೆಂಚಿನ ಮೇಲೆ ಮಗಳು ಮಲಗಿದ್ದಳು; ತೋಳಿನ ತುಂಬ ನೀಲಿ ಕಲೆ.

"ಮೂರು ಸಲ ಯಾಕೆ ತುಂಬಿಸಿದೆ?"

"ಸಾರಜನಕ ಆರಿಹೋದೀತು ಅಂತ ಭಯ ಸಾರ್. ದೊಡ್ಡವಳು ಸೊಂಟಕ್ಕೆ ನಾಲ್ಕು ಸಲ ಚುಚ್ಚಿಸ್ಕೊಂಡು ಕೊಟ್ಟ ಮಜ್ಜೆ ಅದು. ನನಗಲ್ಲದಿದ್ರೆ ತಂಗಿಗಾದ್ರೂ ಆಗ್ಲಿ ಅಂದ್ಲು. ಹೋದ್ಲು. ಈಗ ಇವಳಿಗೂ ಅದೇ ಕಾಯಿಲೆ. ಹದಿನೈದಕ್ಕೆ ನಾಶ ಮಾಡ್ತಾರೆ ಅಂದ್ರು, ತಂದ್ಬಿಟ್ಟೆ."

"ಬೇರೆಯವರದ್ದೂ ತಂದಿದ್ದೀಯಲ್ಲ?"

"ಒಂದನ್ನೇ ತಂದ್ರೆ ಡಾಕ್ಟರಮ್ಮ ಯಾವುದಕ್ಕೆ ಹೋಲಿಸಿ ನೋಡ್ತಾರೆ?"

ಸಾಕ್ಷಿಗೆ ಬಂದ ಪಂಚರು ಸೀಸೆ ಹೊರತೆಗೆದು ಎಣಿಸಬೇಕೆಂದರು. ಹೊರತೆಗೆದರೆ ಕೆಟ್ಟುಹೋಗುತ್ತವೆಂದು ಅವನು ಕ್ಯಾನಿಗೆ ಅಡ್ಡ ನಿಂತ. ಇನ್‌ಸ್ಪೆಕ್ಟರ್ ಟಾರ್ಚು ಹಿಡಿದು ಮುಚ್ಚಳಗಳನ್ನೇ ಎಣಿಸಿ ಪಂಚನಾಮೆ ಬರೆಸಿದರು. ಕ್ಯಾನಿಗೆ ಅರಗಿನ ಮುದ್ರೆ ಬಿತ್ತು.

"ಇನ್ಮೇಲೆ ಇದು ಮುದ್ದೇಮಾಲು, ಕೇಸಿನ ಸಾಕ್ಷಿ. ಕೇಸು ಮುಗಿಯೋತನಕ ಯಾರೂ ನಾಶ ಮಾಡೋ ಹಾಗಿಲ್ಲ."

"ಎಷ್ಟು ವರ್ಷ ನಡೆಯುತ್ತೆ ಸಾರ್?"

"ಏಳೆಂಟು."

"ನಿಧಾನಕ್ಕೇ ನಡೀಲಿ," ಎಂದು ಅವನು ತಾನಾಗಿ ಜೀಪು ಹತ್ತಿದ.

ಮುದ್ರೆ ಒಡೆದು ಸಾರಜನಕ ತುಂಬಲು ನ್ಯಾಯಾಲಯದ ಅಪ್ಪಣೆ ಬೇಕು. ಇನ್‌ಸ್ಪೆಕ್ಟರ್ ಅಂದೇ ಅರ್ಜಿ ಹಾಕಿದರು. ವಿಚಾರಣೆಗೆ ಸಿಕ್ಕ ದಿನ ಏಪ್ರಿಲ್ ಎರಡು. ಕ್ಯಾನಿನಲ್ಲಿ ಉಳಿದ ಸಾರಜನಕ ಸಾಲುವುದು ಮಾರ್ಚ್ ಇಪ್ಪತ್ತಾರರವರೆಗೆ. ಸತ್ತ ಅಕ್ಕ ತಂಗಿಗೆಂದು ಬಿಟ್ಟುಹೋದದ್ದಕ್ಕೂ ತಂಗಿಗೂ ನಡುವೆ ಸಾರಜನಕವಿಲ್ಲದ ಏಳು ದಿನ ಉಳಿದಿದ್ದವು. ಅವನ್ನು ತುಂಬುವವರು ಯಾರೂ ಇರಲಿಲ್ಲ.