ನಮ್ಮೂರವರು ಯಾರೂ ಇಲ್ಲದ ಆಸ್ಪತ್ರೆ

ಹಾವೇರಿ ಆಸ್ಪತ್ರೆಯ ಎಚ್‌ಐವಿ ಪರೀಕ್ಷೆಯ ಕೋಣೆಯಿಂದ ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಬಂದವನು ರುದ್ರಮುನಿ...

ನಿರ್ಮಲಾ ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವನು ನೋಡಿಯಾಗಿತ್ತು.

"ಹಲಗೇರಿ ಹೊಲಕ್ಕ ಹೊಂಟೇನಿ ಅಂದಿದ್ರಿ?" ಅವಳೇ ಮೊದಲು ಕೇಳಿದಳು.

"ನೀ ಅಜ್ಜಿ ಕಣ್ಣು ತೋರಿಸಾಕ ರಜಾ ಹಾಕಿದ್ದಿ. ಎಲ್ಲಿ ಅಜ್ಜಿ?"

ಇಬ್ಬರ ಸುಳ್ಳೂ ಒಂದೇ ಬೆಂಚಿನ ಮೇಲೆ ಬಂದು ಕುಳಿತವು.

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಅವಳು ಪ್ಯಾಕಿಂಗ್ ವಿಭಾಗ, ಅವನು ಹೊಲದ ಸೂಪರ್‌ವೈಸರ್. ಶುಕ್ರವಾರ ಅವನ ತಾಯಿ ಸೋಮವ್ವ ಅವಳ ಊರು ಮೋಟೆಬೆನ್ನೂರಿಗೆ ಹೆಣ್ಣು ಕೇಳಲು ಬರುವವಳಿದ್ದಳು.

ಆದರೆ ಒಂದು ವಾರದಿಂದ ಅವನು ಬದಲಾಗಿದ್ದ. ದೂರ ಕೂರುತ್ತಿದ್ದ. ಚಹಾ ಬೇರೆ ಬೇರೆ ತರಿಸುತ್ತಿದ್ದ. ಬೇರೆ ಯಾರೋ ಇದ್ದಾರೆ ಎಂದು ಅವಳು ಅನುಮಾನಿಸಿದ್ದಳು.

ಈಗ ಇದು. ಇವನಿಗೂ ಐತೇನು? ಯಾರಿಂದ ಬಂತು?

ಯಾರಿಂದ... ಹುಟ್ಟಿನಿಂದಲೇ ವೈರಸ್ ಹೊತ್ತು ಬಂದ ಅವಳು ಜೀವನವೆಲ್ಲ ಹೆದರಿದ್ದು ಇದೇ ಪ್ರಶ್ನೆಗೆ. ಅದು ತನ್ನೊಳಗೂ ಹುಟ್ಟಿತಲ್ಲ! ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಹೋದ ವಾರ ಗಾಡಿ ಕೀಲಿಗೆಂದು ನಿನ್ನ ಚೀಲಕ್ಕ ಕೈ ಹಾಕಿದ್ದೆ," ರುದ್ರಮುನಿ ನೆಲ ನೋಡುತ್ತ ಹೇಳಿದ. "ಮಾತ್ರೆ ಡಬ್ಬಿ ಸಿಕ್ತು. ಹೆಸರು ಫೋನಿನಾಗ ಹಾಕಿ ನೋಡಿದೆ."

ಅವಳು ಚೀಲವನ್ನು ಎದೆಗೆಳೆದುಕೊಂಡಳು. "ಯಾರಿಗೆ ಹೇಳೀರಿ?"

"ಯಾರಿಗೂ ಇಲ್ಲ. ಒಂದ ಕಪ್ಪಿನಾಗ ಚಹಾ ಕುಡದಿದ್ವಲ್ಲ... ಅದಕ್ಕ ಹೆದರಿ ಬಂದೆ."

"ಏನಂದ್ರು ಒಳಗ?"

"ಮೇಡಮ್ಮಾರು ನಕ್ಕರು. ಚಹಾದಿಂದ ಪಿತ್ತ ಆದೀತು, ಎಚ್‌ಐವಿ ಆಗೂದಿಲ್ಲೋ ಮಾರಾಯ ಅಂದ್ರು."

ಅವಳು ನಗಲಿಲ್ಲ. "ನನ್ನ ಕೇಳಬೇಕಿತ್ತು."

"ಕೇಳಿದ್ರ ಹೇಳತಿದ್ದೇನು?"

ಹೇಳಬೇಕೆಂದು ದಿನವೂ ಅಂದುಕೊಂಡು ದಿನವೂ ಮುಂದೂಡಿದ್ದಳು.

"ಹಾವೇರಿಗೇ ಯಾಕ ಬಂದ್ರಿ? ರಾಣೆಬೆನ್ನೂರಾಗ ಟೆಸ್ಟ್ ಮಾಡೂದಿಲ್ಲೇನು?"

"ಅಲ್ಲೆ ಯಾರರ ಗುರುತಿನವರು ನೋಡ್ತಾರಂತ..."

"ನಾನೂ ಅದಕ್ಕ. ಮಾತ್ರೆ ತಗೊಳ್ಳಾಕ ಬ್ಯಾಡಗಿ ಹತ್ತರ ಆಗ್ತೈತಿ. ಆದ್ರ ಅಲ್ಲಿ ಚೀಟಿ ಬರಿಯಾಂವ ನಮ್ಮೂರಾಂವ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವನು ಅವನು. ಅವಳ ಕಣ್ಣು ತುಂಬಿತು.

ಚೀಲದಿಂದ ವರದಿ ತೆಗೆದು ಅವನ ಮಡಿಲಿಗಿಟ್ಟಳು. "ನೋಡ್ರಿ. ವರ್ಷಗಟ್ಟಲೆ ಆತು, ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮಿ ಐತಿ. ಹಿಂಗ ಮಾತ್ರೆ ತಪ್ಪಿಸದ ಇದ್ರ ಗಂಡಗ ಹತ್ತೂದಿಲ್ಲ. ಡಾಕ್ಟರ್ ಹೇಳಿದಂಗ ನಡದ್ರ ಮಕ್ಕಳಿಗೂ ಹತ್ತದಂಗ ನೋಡ್ಕೋಬಹುದು. ಆದ್ರ... ಕನಿಕರಕ್ಕ ಮಾಡ್ಕೊಬ್ಯಾಡ್ರಿ."

"ಕನಿಕರ ಇದ್ದಾಂವ ಚಹಾಕ್ಕ ಹೆದರಿ ಓಡಿ ಬರ್ತಿದ್ನೇನು? ನಾ ಪುಕ್ಕಲ, ನಿರ್ಮಲಾ. ಆದ್ರ ಈ ವಾರ ನಿನ್ನ ಜೋಡಿ ಕೂಡಲಿಲ್ಲಲ್ಲ, ಕುಡಿದ ಚಹಾಕ್ಕ ರುಚೀನ ಇರಲಿಲ್ಲ."

"ನಿಮ್ಮವ್ವಗ ಏನ್ ಹೇಳ್ತೀರಿ?"

"ಅದು ನಿನ್ನ ಮಾತು. ಹೇಳು ಅಂದ್ರ ಹೇಳ್ತೀನಿ. ಬ್ಯಾಡ ಅಂದ್ರ ನನ್ನ ಬಾಯಾಗ ಇರತೈತಿ."

ಅವಳು ತುಸು ಹೊತ್ತು ಅವನ ಮುಖವನ್ನೇ ನೋಡಿದಳು. ಸುಳ್ಳು ಹುಡುಕಿದಳು. ಸಿಗಲಿಲ್ಲ.

ಕೋಣೆಯ ಬಾಗಿಲು ತೆರೆಯಿತು. ವರದಿಗೆಂದು ಅವನ ಟೋಕನ್ ಸಂಖ್ಯೆ ಕೂಗಿದರು.

"ಬಾ ಒಳಗ," ಎಂದ. "ಹೆದರಿಕ್ಯಾಗ ಅರ್ಧಾನೂ ಕೇಳಿಲ್ಲ. ಇಬ್ರೂ ಕೂಡಿ ಇನ್ನೊಮ್ಮೆ ಕೇಳೂಣು."

ಅವಳು ಎದ್ದಳು, ಬಾಗಿಲಲ್ಲಿ ತಡೆದಳು.

"ಶುಕ್ರವಾರದ ತನಕ ಕಾಯೂದು ಬ್ಯಾಡ. ಗುರುವಾರ ಒಬ್ಬರ ಬರ್ರಿ. ನಮ್ಮಜ್ಜಿಗೆ ಒಂದ ಮಾತು ಹೇಳ್ರಿ. ಅವ್ವ ಅಪ್ಪ ಇದ ರೋಗಕ್ಕ ಹೋದಾಗಿಂದ ಯಾರರ ಬಂದು ಹೇಳತಾರೇನಂತ ಆಕಿ ಕಾಯಾಕತ್ತಾಳ."

"ಏನಂತ?"

"ಎಲ್ಲಾ ಗೊತ್ತೈತಿ ಅಜ್ಜಿ... ಗೊತ್ತಿದ್ದ ಬಂದೇನಿ ಅಂತ."